ಸಾವಿರಕ್ಕೆ ಒಂದು ಎಲೆಕ್ಟ್ರಾನ್

ಮಡಿಕೇರಿಯ ಒಂದು ಕಾಲೇಜಿನಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಬೋರ್ಡಿನ ಮೇಲೆ ಬಿಡಿಸಿದ ಚಿತ್ರಗಳ ಜಾಗದಲ್ಲಿ ಒಂದೆರಡು ಮಾತು ಜಾಸ್ತಿ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಹಾಲ್‌ನಲ್ಲಿ ಆರು ಟ್ಯೂಬ್‌ಲೈಟ್ ಇವೆ. ನಾಲ್ಕು ಹೊಸ ಎಲ್‌ಇಡಿ. ಗೋಡೆ ಪಕ್ಕದ ಎರಡು ಮಾತ್ರ ಹಳೇ ಕಾಲದವು, ಚೋಕ್ ಮತ್ತು ಸ್ಟಾರ್ಟರ್ ಇರುವಂಥವು. ಇವತ್ತು ನನಗೆ ಆ ಎರಡೇ ಸಾಕು. ಅವುಗಳ ಒಳಗೆ ಇರುವುದು ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್‌ಗಳು ಬಿಡಿಯಾಗಿ ಓಡಾಡುವ ಅನಿಲ. ಅಂಥ ಪ್ಲಾಸ್ಮಾವನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಕಣವಾಗಿ ಓಡಿಸಿ ನೋಡುವುದು ನನ್ನ ಕೆಲಸ.

ನಾನು ಬೆಳೆದದ್ದು ನಾಪೋಕ್ಲು ಕಡೆ, ತೋಟದ ನಡುವಿನ ಮನೆಯಲ್ಲಿ. ಮಳೆಗಾಲದಲ್ಲಿ ಕರೆಂಟ್ ಇದ್ದರೂ ವೋಲ್ಟೇಜ್ ಇರುತ್ತಿರಲಿಲ್ಲ. ಸಂಜೆ ಸ್ವಿಚ್ ಹಾಕಿದರೆ ಟ್ಯೂಬಿನ ಎರಡು ತುದಿ ಮಾತ್ರ ಕೆಂಪಗೆ ಕಾಣುತ್ತಿದ್ದವು. ಸ್ಟಾರ್ಟರ್ ಟಿಕ್ ಟಿಕ್ ಅನ್ನುತ್ತಿತ್ತು. ಒಮ್ಮೊಮ್ಮೆ ಬೆಳಕು ಹಾವಿನ ಹಾಗೆ ಟ್ಯೂಬಿನ ಉದ್ದಕ್ಕೂ ಹೊರಳಿ, ಮತ್ತೆ ಆರಿಹೋಗುತ್ತಿತ್ತು. ಅಪ್ಪ ಸ್ಟೂಲ್ ಹತ್ತಿ ಸ್ಟಾರ್ಟರ್ ತಿರುಗಿಸುತ್ತಿದ್ದರು. ನಾನು ಕೆಳಗೆ ಟಾರ್ಚ್ ಹಿಡಿದು ನಿಲ್ಲುತ್ತಿದ್ದೆ. ಡಿಸೆಂಬರ್ ಚಳಿಯಲ್ಲಿ ವೋಲ್ಟೇಜ್ ಸರಿಯಿದ್ದರೂ ಟ್ಯೂಬ್ ಹೊತ್ತಿಕೊಂಡ ಮೇಲೆ ಸುಮಾರು ಹೊತ್ತು ಮಂಕಾಗಿಯೇ ಇರುತ್ತಿತ್ತು.

ಉರಿಯುತ್ತಿರುವ ಟ್ಯೂಬನ್ನು ಮುಟ್ಟಿ ನೋಡಿದ್ದೀರಾ? ಬೆಚ್ಚಗಿರುತ್ತದೆ, ಅಷ್ಟೇ. ಕೈ ಸುಡುವುದಿಲ್ಲ. ಆದರೆ ಅದರೊಳಗೆ ಓಡಾಡುವ ಎಲೆಕ್ಟ್ರಾನ್‌ಗಳ ಉಷ್ಣತೆ ಸುಮಾರು 11,000 ಡಿಗ್ರಿ. ಸೂರ್ಯನ ಮೇಲ್ಮೈ ಕೂಡ 5,500 ಡಿಗ್ರಿ ಮಾತ್ರ. ಒಂದೇ ಗಾಜಿನ ಕೊಳವೆಯಲ್ಲಿ ಬೆಚ್ಚಗಿನ ಅನಿಲವೂ ಇದೆ, ಸೂರ್ಯನಿಗಿಂತ ಬಿಸಿಯಾದ ಎಲೆಕ್ಟ್ರಾನ್‌ಗಳೂ ಇವೆ. ಎರಡೂ ಅಕ್ಕಪಕ್ಕ ಅಲ್ಲ, ಒಂದರೊಳಗೊಂದು ಬೆರೆತಿವೆ.

ಬೆರೆತೂ ಒಂದಕ್ಕೊಂದು ಬಿಸಿ ಹಂಚಿಕೊಳ್ಳುವುದಿಲ್ಲ ಯಾಕೆ? ತೂಕದ ವ್ಯತ್ಯಾಸ. ಟ್ಯೂಬಿನಲ್ಲಿ ತುಂಬಿರುವ ಆರ್ಗಾನ್ ಅನಿಲದ ಒಂದು ಪರಮಾಣು ಒಂದು ಎಲೆಕ್ಟ್ರಾನಿನ ಸುಮಾರು 73,000 ಪಟ್ಟು ಭಾರ. ಒಣಗಿದ ಕಾಳುಮೆಣಸಿನ ಒಂದು ಕಾಳನ್ನು ಮೂರೂವರೆ ಕಿಲೋ ಹಲಸಿನಕಾಯಿಗೆ ಎಸೆಯಿರಿ. ಕಾಳು ಹೆಚ್ಚುಕಡಿಮೆ ಅದೇ ವೇಗದಲ್ಲಿ ಪುಟಿದು ಬರುತ್ತದೆ. ಹಲಸಿನಕಾಯಿ ಅಲುಗುವುದೇ ಇಲ್ಲ. ಟ್ಯೂಬಿನೊಳಗೆ ಪ್ರತಿ ಕ್ಷಣ ನಡೆಯುತ್ತಿರುವುದು ಇದೇ.

ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಬಂದು, ಎಲೆಕ್ಟ್ರಾನ್‌ಗಳೂ ಅಯಾನುಗಳೂ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು) ಬಿಡಿ ಬಿಡಿಯಾಗಿ ಓಡಾಡುವ ಸ್ಥಿತಿಗೆ ಪ್ಲಾಸ್ಮಾ ಅಂತ ಹೆಸರಿಟ್ಟವರು ಅಮೆರಿಕದ ಇರ್ವಿಂಗ್ ಲಾಂಗ್ಮ್ಯೂರ್, 1928ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ, 1920ರಲ್ಲಿ, ನಮ್ಮ ಮೇಘನಾದ ಸಹಾ ಒಂದು ಸಮೀಕರಣ ಕೊಟ್ಟಿದ್ದರು. ಇಷ್ಟು ಉಷ್ಣತೆ ಇದ್ದರೆ ಇಷ್ಟು ಪರಮಾಣುಗಳು ಒಡೆದಿರುತ್ತವೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ, ಅಂತ ಹೇಳುವ ಸಮೀಕರಣ ಅದು. ನಕ್ಷತ್ರಗಳ ಬೆಳಕನ್ನು ಓದುವುದು ಅದರಿಂದ ಸಾಧ್ಯವಾಯಿತು. ಇವತ್ತಿಗೂ ಅದನ್ನು ನೋಡಿದರೆ ನನಗೆ ಮೈ ಝುಂ ಅನ್ನುತ್ತದೆ. ಆದರೆ ಅದಕ್ಕೆ ಒಂದು ಷರತ್ತಿದೆ. ಎಲ್ಲ ಕಣಗಳೂ ಒಂದೇ ಉಷ್ಣತೆಯಲ್ಲಿ ಇರಬೇಕು. ಟ್ಯೂಬ್‌ಲೈಟಿನಲ್ಲಿ ಹಾಗಿಲ್ಲ. ಅಲ್ಲಿ ಆ ಸಮೀಕರಣ ನಡೆಯುವುದಿಲ್ಲ.

ಇನ್ನೊಂದು ವಿಷಯ ನೋಡಿ. ಟ್ಯೂಬಿನಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಆರ್ಗಾನೇ. ಐನೂರು ಆರ್ಗಾನ್ ಪರಮಾಣುಗಳ ನಡುವೆ ಪಾದರಸದ ಒಂದು ಪರಮಾಣು ಇದ್ದರೆ ಇದ್ದೀತು. ಆದರೂ ಬೆಳಕು ಬರುವುದು ಆ ಒಂದರಿಂದ. ಪಾದರಸವನ್ನು ಕೆರಳಿಸಲು 4.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಆರ್ಗಾನಿಗೆ 11.5 ಬೇಕು. ಎಲೆಕ್ಟ್ರಾನ್ ವೋಲ್ಟ್ ಅಂದರೆ ಒಂದು ವೋಲ್ಟಿನ ಇಳಿಜಾರಿನಲ್ಲಿ ಒಂದು ಎಲೆಕ್ಟ್ರಾನ್ ಜಾರಿದಾಗ ಅದಕ್ಕೆ ಸಿಗುವ ಶಕ್ತಿ. ಕೆರಳಿದ ಪಾದರಸ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಡುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ನಾವು ಕಾಣುವ ಬೆಳಕು ಮಾಡುತ್ತದೆ. ಚಳಿಯಲ್ಲಿ ಪಾದರಸ ಆವಿಯಾಗದೆ ಗಾಜಿಗೆ ಅಂಟಿಕೊಂಡೇ ಇರುತ್ತದೆ. ನಮ್ಮ ಮನೆಯ ಟ್ಯೂಬ್ ಡಿಸೆಂಬರಿನಲ್ಲಿ ಮಂಕಾಗಿದ್ದದ್ದು ಅದಕ್ಕೇ.

ಈಗ ಎಲೆಕ್ಟ್ರಾನ್‌ಗಳ ಕಡೆ ಬರೋಣ. 11,000 ಡಿಗ್ರಿ ಅಂದರೆ ಎಲ್ಲ ಎಲೆಕ್ಟ್ರಾನ್‌ಗಳೂ ಒಂದೇ ವೇಗದಲ್ಲಿ ಓಡುತ್ತಿವೆ ಅಂತ ಅಲ್ಲ. ಕೆಲವು ನಿಧಾನ, ಹೆಚ್ಚಿನವು ಮಧ್ಯಮ, ಬೆರಳೆಣಿಕೆಯಷ್ಟು ಮಾತ್ರ ತುಂಬಾ ವೇಗ. ಪಾದರಸವನ್ನು ಕೆರಳಿಸುವಷ್ಟು ಶಕ್ತಿ ಇರುವವು ನೂರಕ್ಕೆ ಎರಡು. ಆರ್ಗಾನನ್ನು ಕೆರಳಿಸುವಷ್ಟು ಶಕ್ತಿ ಇರುವವು ಲಕ್ಷಕ್ಕೆ ನಾಲ್ಕು. ಇದು ಮ್ಯಾಕ್ಸ್‌ವೆಲ್ ಕೊಟ್ಟ ಸೂತ್ರದ ಲೆಕ್ಕ.

ಪಾದರಸ ಇಲ್ಲದ ಬರೀ ಆರ್ಗಾನ್ ಪ್ಲಾಸ್ಮಾ ತೆಗೆದುಕೊಂಡರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಆರ್ಗಾನಿನಿಂದ ಎಲೆಕ್ಟ್ರಾನ್ ಕೀಳಲು 15.8 ಎಲೆಕ್ಟ್ರಾನ್ ವೋಲ್ಟ್ ಬೇಕು. ಎಲೆಕ್ಟ್ರಾನ್‌ಗಳ ಉಷ್ಣತೆ 23,000 ಡಿಗ್ರಿ ಇದ್ದರೆ ಅಷ್ಟು ಶಕ್ತಿ ಇರುವುದು ಸುಮಾರು ಸಾವಿರಕ್ಕೆ ಒಂದು ಎಲೆಕ್ಟ್ರಾನಿಗೆ. ಉಷ್ಣತೆಯನ್ನು ಅರ್ಧಕ್ಕೆ ಇಳಿಸಿ. ಈಗ ಹತ್ತು ಲಕ್ಷದಲ್ಲಿ ಒಂದು ಸಿಗುವುದೂ ಕಷ್ಟ. ಉಷ್ಣತೆ ಅರ್ಧವಾದರೆ ಒಡೆಯಬಲ್ಲ ಎಲೆಕ್ಟ್ರಾನ್‌ಗಳು ಎರಡು ಸಾವಿರ ಪಟ್ಟು ಕಡಿಮೆಯಾದವು.

ಅಂದರೆ ಪ್ಲಾಸ್ಮಾದ ಕೆಲಸ ನಡೆಸುವುದು ಸರಾಸರಿ ಎಲೆಕ್ಟ್ರಾನ್ ಅಲ್ಲ. ಸಾಲಿನ ತುತ್ತತುದಿಯಲ್ಲಿ ಇರುವ ಕೆಲವೇ ಎಲೆಕ್ಟ್ರಾನ್‌ಗಳು. ಇಡೀ ಪ್ಲಾಸ್ಮಾ ಉರಿಯುತ್ತಾ ಇರುವುದು ಅವುಗಳಿಂದ. ನಾನು ಈ ಕೆಲಸಕ್ಕೆ ಬಂದದ್ದು ಈ ಒಂದು ವಿಷಯಕ್ಕೆ ಮರುಳಾಗಿ.

ಕಷ್ಟ ಇರುವುದೂ ಇಲ್ಲೇ. ವೇಗದ ಎಲೆಕ್ಟ್ರಾನ್ ಪರಮಾಣುವಿಗೆ ಡಿಕ್ಕಿ ಹೊಡೆದು ಕೆಲಸ ಮಾಡಿದ ಕೂಡಲೇ ತನ್ನ ಶಕ್ತಿ ಕಳೆದುಕೊಂಡು ನಿಧಾನದ ಗುಂಪಿಗೆ ಬಿದ್ದುಹೋಗುತ್ತದೆ. ತುದಿಯ ಸಾಲು ಖಾಲಿಯಾಗುತ್ತಲೇ ಇರುತ್ತದೆ. ಅದು ಮತ್ತೆ ತುಂಬಬೇಕು. ಎಷ್ಟು ಬೇಗ ತುಂಬುತ್ತದೆ, ಎಲ್ಲಿ ತುಂಬುತ್ತದೆ ಅನ್ನುವುದು ವೋಲ್ಟೇಜ್, ಒತ್ತಡ, ಪಾತ್ರೆಯ ಆಕಾರ ಎಲ್ಲದರ ಮೇಲೂ ನಿಂತಿದೆ. ಮ್ಯಾಕ್ಸ್‌ವೆಲ್ ಸೂತ್ರ ಈ ತುದಿಯಲ್ಲೇ ಕೈಕೊಡುತ್ತದೆ. ಪ್ಲಾಸ್ಮಾವನ್ನು ನೀರಿನ ಹಾಗೆ ಹರಿಯುವ ವಸ್ತು ಅಂದುಕೊಂಡು ಸರಾಸರಿ ವೇಗ, ಸರಾಸರಿ ಉಷ್ಣತೆಗೆ ಸಮೀಕರಣ ಬರೆಯಬಹುದು. ಬೇಗ ಉತ್ತರ ಬರುತ್ತದೆ. ಒತ್ತಡ ಕಡಿಮೆ ಇರುವಲ್ಲಿ ಆ ಉತ್ತರವನ್ನು ನಾನು ನಂಬುವುದಿಲ್ಲ.

ಹಾಗಾಗಿ ಕಣಗಳ ಹಿಂದೆಯೇ ಹೋಗಬೇಕು.

ಆದರೆ ಎಷ್ಟು ಕಣ? ಒಂದು ಸಾಧಾರಣ ಪ್ಲಾಸ್ಮಾದಲ್ಲಿ ಸಕ್ಕರೆ ಗಟ್ಟಿಯಷ್ಟು ಜಾಗದಲ್ಲಿ ಸಾವಿರ ಕೋಟಿ ಎಲೆಕ್ಟ್ರಾನ್‌ಗಳಿರುತ್ತವೆ. ಪ್ರತಿಯೊಂದೂ ಉಳಿದ ಎಲ್ಲವನ್ನೂ ತಳ್ಳುತ್ತದೆ. ಬರೀ ಒಂದು ಲಕ್ಷ ಕಣ ಇಟ್ಟುಕೊಂಡರೂ ಜೋಡಿಗಳ ಸಂಖ್ಯೆ 500 ಕೋಟಿ. ಕಾಲದಲ್ಲಿ ಒಂದು ಚಿಕ್ಕ ಹೆಜ್ಜೆ ಮುಂದೆ ಹೋಗಲೇ ಇಷ್ಟು ಲೆಕ್ಕ. ಲಕ್ಷಗಟ್ಟಲೆ ಹೆಜ್ಜೆ ಇಡಬೇಕು.

ಇದಕ್ಕೆ ದಾರಿ ಕಂಡುಕೊಂಡವರು 1950ರ ದಶಕದ ಕೊನೆಯಲ್ಲಿ ಆಸ್ಕರ್ ಬುನೆಮನ್, ಜಾನ್ ಡಾಸನ್ ಮತ್ತು ಅವರ ಜೊತೆಯವರು. ಆಗಿನ ಕಂಪ್ಯೂಟರಿನಲ್ಲಿ ಅವರು ಓಡಿಸಿದ್ದು ನೂರಾರು, ಸಾವಿರ ಕಣಗಳನ್ನು ಮಾತ್ರ. ಆಮೇಲೆ ಬೆಳೆದ ವಿಧಾನವನ್ನು ನಾನು ಮಡಿಕೇರಿಯವರಿಗೆ ಹೇಳುವುದಾದರೆ ಹೀಗೆ ಹೇಳುತ್ತೇನೆ.

ದಸರಾ ನೆನೆಸಿಕೊಳ್ಳಿ. ವಿಜಯದಶಮಿ ರಾತ್ರಿ. ಹತ್ತು ಮಂಟಪಗಳೂ ಹೊರಟಿವೆ. ಮಹದೇವಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಜನ ಮುಂದಿನ ಐದು ನಿಮಿಷದಲ್ಲಿ ಎತ್ತ ಸರಿಯುತ್ತಾರೆ ಅಂತ ಲೆಕ್ಕ ಹಾಕಬೇಕು ಅಂದುಕೊಳ್ಳಿ. ಪ್ರತಿಯೊಬ್ಬರನ್ನೂ ಇನ್ನೊಬ್ಬರು ಎಷ್ಟು ತಳ್ಳುತ್ತಿದ್ದಾರೆ ಅಂತ ಕೇಳುತ್ತಾ ಹೋದರೆ ಬೆಳಗಾಗುತ್ತದೆ. ಅದರ ಬದಲು ಊರಿನ ನಕ್ಷೆಯ ಮೇಲೆ ಚೌಕಗಳನ್ನು ಎಳೆಯಿರಿ. ಯಾವ ಚೌಕದಲ್ಲಿ ಎಷ್ಟು ತಲೆ ಅಂತ ಎಣಿಸಿ. ಎಲ್ಲಿ ಒತ್ತಡ ಜಾಸ್ತಿ, ಎಲ್ಲಿ ಕಡಿಮೆ ಅನ್ನುವುದು ಆ ಎಣಿಕೆಯಿಂದಲೇ ಸಿಗುತ್ತದೆ. ಈಗ ಪ್ರತಿಯೊಬ್ಬರೂ ತಾವು ನಿಂತ ಚೌಕದ ಒತ್ತಡ ನೋಡಿ ಒಂದು ಹೆಜ್ಜೆ ಇಡಲಿ. ಎಲ್ಲರೂ ಹೆಜ್ಜೆ ಇಟ್ಟ ಮೇಲೆ ಎಣಿಕೆ ಬದಲಾಗಿರುತ್ತದೆ. ಮತ್ತೆ ಎಣಿಸಿ.

ಪ್ಲಾಸ್ಮಾದಲ್ಲೂ ಇದನ್ನೇ ಮಾಡುತ್ತೇವೆ. ಚೌಕಗಳ ಮೂಲೆಗಳಿಗೆ ಕಣಗಳ ವಿದ್ಯುದಾವೇಶವನ್ನು ಹಂಚುತ್ತೇವೆ. ಒಂದು ಮೂಲೆಗೆ ಹತ್ತಿರ ಇರುವ ಕಣ ಆ ಮೂಲೆಗೆ ಜಾಸ್ತಿ ಪಾಲು ಕೊಡುತ್ತದೆ, ದೂರದ ಮೂಲೆಗೆ ಕಡಿಮೆ. ಅದರಿಂದ ಪ್ರತಿ ಮೂಲೆಯ ವೋಲ್ಟೇಜ್ ತೆಗೆಯುತ್ತೇವೆ. ಒಂದು ಮೂಲೆಯಿಂದ ಇನ್ನೊಂದಕ್ಕೆ ವೋಲ್ಟೇಜ್ ಎಷ್ಟು ಏರಿಳಿಯುತ್ತದೋ ಅದರಿಂದಲೇ ಬಲ. ಆ ಬಲ ಕಣಗಳನ್ನು ತಳ್ಳುತ್ತದೆ. ವೇಗ ಮತ್ತು ಸ್ಥಾನವನ್ನು ಒಟ್ಟಿಗೆ ಬದಲಾಯಿಸುವುದಿಲ್ಲ. ಮೆಣಸು ಕೊಯ್ಯುವವರು ಏಣಿ ಹತ್ತುವಾಗ ಎಡಗಾಲು, ಬಲಗಾಲು ಒಂದಾದ ಮೇಲೊಂದು ಇಡುವ ಹಾಗೆ, ಅರ್ಧ ಹೆಜ್ಜೆ ಹಿಂದೆಮುಂದೆ ಬದಲಾಯಿಸುತ್ತೇವೆ. ಇಷ್ಟು ಚಿಕ್ಕ ಉಪಾಯದಿಂದ ಲೆಕ್ಕ ಲಕ್ಷ ಹೆಜ್ಜೆ ಆದರೂ ದಾರಿ ತಪ್ಪುವುದಿಲ್ಲ.

ಈ ವಿಧಾನದ ಜೊತೆ ನಮ್ಮ ದೇಶಕ್ಕೂ ಒಂದು ನಂಟಿದೆ. ಡಾಸನ್ ಜೊತೆ ಪ್ರಿನ್ಸ್‌ಟನ್‌ನಲ್ಲಿ ಕೆಲಸ ಮಾಡಿದ ತರುಣರಲ್ಲಿ ಒಬ್ಬರು ಪ್ರೆಧಿಮನ್ ಕ್ರಿಶನ್ ಕೌ. ಅವರು ವಾಪಸ್ ಬಂದು ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದರು. 1989ರಲ್ಲಿ ಅಲ್ಲಿ ಆದಿತ್ಯ ಟೋಕಮಕ್, ಅಂದರೆ ಬಿಸಿ ಪ್ಲಾಸ್ಮಾವನ್ನು ಆಯಸ್ಕಾಂತದ ಬಲದಿಂದ ಹಿಡಿದಿಡುವ ಯಂತ್ರ, ಕೆಲಸ ಶುರು ಮಾಡಿತು.

ಇಲ್ಲಿಯವರೆಗೆ ಹೇಳಿದ್ದು ತಳ್ಳಾಟದ ಲೆಕ್ಕ. ಡಿಕ್ಕಿಯ ಲೆಕ್ಕ ಬೇರೆ. ಎಲೆಕ್ಟ್ರಾನ್ ಯಾವಾಗ ಪರಮಾಣುವಿಗೆ ಬಡಿಯುತ್ತದೆ? ಅದನ್ನು ದಾಳ ಹಾಕಿ ತೀರ್ಮಾನ ಮಾಡುತ್ತೇವೆ. ಮಾಂಟೆ ಕಾರ್ಲೊ ವಿಧಾನ ಅಂತ ಇದರ ಹೆಸರು. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಇಸ್ಪೀಟ್ ಆಡುತ್ತಿದ್ದಾಗ ಹೊಳೆದ ವಿಚಾರ ಇದು. ಆಟ ಗೆಲ್ಲುವ ಸಾಧ್ಯತೆಯನ್ನು ಸೂತ್ರದಿಂದ ತೆಗೆಯುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸುಲಭ ಅಲ್ವಾ ಅಂತ ಅವರಿಗೆ ಅನ್ನಿಸಿತು.

ನಮ್ಮ ದಾಳ ಹೀಗೆ ಬೀಳುತ್ತದೆ. ಅನಿಲ ಎಷ್ಟು ದಟ್ಟ, ಎಲೆಕ್ಟ್ರಾನ್ ಎಷ್ಟು ವೇಗ, ಆ ವೇಗದಲ್ಲಿ ಬರುವ ಎಲೆಕ್ಟ್ರಾನಿಗೆ ಪರಮಾಣು ಎಷ್ಟು ದೊಡ್ಡ ಗುರಿಯಾಗಿ ಕಾಣುತ್ತದೆ. ಈ ಮೂರರಿಂದ ಡಿಕ್ಕಿಯ ಸಾಧ್ಯತೆ ಸಿಗುತ್ತದೆ. ದಾಳ ಡಿಕ್ಕಿ ಅಂದರೆ ಇನ್ನೊಮ್ಮೆ ದಾಳ: ಸುಮ್ನೆ ಪುಟಿಯಿತಾ, ಪರಮಾಣುವನ್ನು ಕೆರಳಿಸಿತಾ, ಒಡೆಯಿತಾ? ಒಡೆದರೆ ಪಟ್ಟಿಗೆ ಹೊಸದಾಗಿ ಒಂದು ಎಲೆಕ್ಟ್ರಾನ್, ಒಂದು ಅಯಾನು ಸೇರಿಸುತ್ತೇವೆ. ಆ ಹೊಸ ಎಲೆಕ್ಟ್ರಾನ್ ಮುಂದಿನ ಹೆಜ್ಜೆಯಿಂದ ಎಲ್ಲರ ಜೊತೆ ಓಡುತ್ತದೆ.

ರಸಾಯನ ಶಾಸ್ತ್ರ ಓದುವವರು ಇಲ್ಲಿ ಕಿವಿಗೊಡಬೇಕು. ನಿಮ್ಮ ಪುಸ್ತಕದಲ್ಲಿ ಪ್ರತಿ ಕ್ರಿಯೆಗೂ ಒಂದು ವೇಗದ ಸಂಖ್ಯೆ ಇರುತ್ತದೆ. ಉಷ್ಣತೆ ಏರಿದರೆ ಅದು ಹೇಗೆ ಏರುತ್ತದೆ ಅಂತ ಅರೇನಿಯಸ್ 1889ರಲ್ಲಿ ಹೇಳಿದರು. ಕಣಗಳ ಲೆಕ್ಕದಲ್ಲಿ ನಾವು ಆ ಸಂಖ್ಯೆಯನ್ನು ಹಾಕುವುದೇ ಇಲ್ಲ. ಡಿಕ್ಕಿಗಳನ್ನು ಎಣಿಸಿದರೆ ಅದು ತಾನಾಗಿಯೇ ಹೊರಗೆ ಬರುತ್ತದೆ. ಆ ವೇಗ ಪಾತ್ರೆಯ ನಡುವೆ ಒಂದು, ಅಂಚಿನಲ್ಲಿ ಇನ್ನೊಂದು ಅಂತಲೂ ಕಾಣುತ್ತದೆ.

ಈಗ ಕಾಫಿ ಮಾರಿದವರಿಗೆಲ್ಲ ಗೊತ್ತಿರುವ ವಿಷಯ. ಔಟ್‌ಟರ್ನ್. ಚೆರಿ ಅಂದರೆ ಒಣಗಿಸಿದ ಕಾಫಿ ಹಣ್ಣು. ಅದರ ಚೀಲ 50 ಕಿಲೋ. ಸಿಪ್ಪೆ ತೆಗೆದರೆ ಎಷ್ಟು ಬೀಜ ಉಳಿಯುತ್ತದೆ ಅನ್ನುವುದರ ಮೇಲೆ ರೇಟ್. ನಾನು ಅಪ್ಪನ ಜೊತೆ ಗೋಣಿಕೊಪ್ಪಲಿಗೆ ಹೋಗಿ ನೋಡುತ್ತಿದ್ದೆ. ವ್ಯಾಪಾರಿ ಚೂಪು ಮೂತಿಯ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚುತ್ತಿದ್ದರು. ಕೊಳವೆಯ ಒಳಗಿಂದ ಚೆರಿ ಗಲಗಲ ಅಂತ ತಟ್ಟೆಗೆ ಬೀಳುತ್ತಿತ್ತು. ಅದನ್ನು ಸಣ್ಣ ಮಿಷನ್ನಿಗೆ ಹಾಕಿ, ಸಿಪ್ಪೆ ಊದಿ, ಬೀಜ ತೂಗುತ್ತಿದ್ದರು. ಅಪ್ಪ ಪಕ್ಕದಲ್ಲೇ ನಿಂತು, "ಆ ಚೀಲದಿಂದಲೂ ಸ್ವಲ್ಪ ತೆಗೀರಿ, ಹಿಂದಿನದರಿಂದಲೂ ತೆಗೀರಿ" ಅನ್ನುತ್ತಿದ್ದರು. ನೆರಳಿನ ಗಿಡದ ಹಣ್ಣು ಒಂದು ಚೀಲದಲ್ಲಿ, ಬಿಸಿಲಿನದು ಇನ್ನೊಂದರಲ್ಲಿ. ಒಂದೇ ಹಿಡಿಯಿಂದ ಇಡೀ ಲೋಡಿಗೆ ರೇಟ್ ಕಟ್ಟಿದರೆ ತಪ್ಪಾಗುತ್ತದೆ.

ಕಂಪ್ಯೂಟರಿನೊಳಗೆ ನಾವು ಇಡುವುದೂ ಸ್ಯಾಂಪಲ್ಲೇ. ಒಂದು ಕಣ ಒಂದು ಲಕ್ಷ ನಿಜವಾದ ಎಲೆಕ್ಟ್ರಾನ್‌ಗಳ ಪರವಾಗಿ ಓಡುತ್ತದೆ. ಅದರ ಆವೇಶವೂ ಲಕ್ಷ ಪಟ್ಟು, ತೂಕವೂ ಲಕ್ಷ ಪಟ್ಟು. ಹಾಗಾಗಿ ಒಂದು ಎಲೆಕ್ಟ್ರಾನ್ ಹೋಗುವ ದಾರಿಯಲ್ಲೇ ಅದೂ ಹೋಗುತ್ತದೆ. ಆದರೆ ಸ್ಯಾಂಪಲ್ ಅಂದ ಮೇಲೆ ಅಲುಗಾಟ ಇದ್ದೇ ಇದೆ. ನೂರು ಕಣ ಎಣಿಸಿದರೆ ಹತ್ತು ಪರ್ಸೆಂಟ್ ಆಚೀಚೆ. ಹತ್ತು ಸಾವಿರ ಎಣಿಸಿದರೆ ಒಂದು ಪರ್ಸೆಂಟ್. ಕಣ ನೂರು ಪಟ್ಟು ಮಾಡಿದರೆ ತಪ್ಪು ಹತ್ತು ಪಟ್ಟು ಮಾತ್ರ ಕಡಿಮೆ. ಮತ್ತೆ ನಮಗೆ ಬೇಕಾದದ್ದು ಸಾವಿರಕ್ಕೆ ಒಂದು ಇರುವ ಎಲೆಕ್ಟ್ರಾನ್ ತಾನೇ? 50,000 ಕಣ ಇಟ್ಟರೂ ಆ ತುದಿಯಲ್ಲಿ ಸಿಗುವುದು ಬರೀ 50. ಅಲ್ಲಿ ತಪ್ಪು 14 ಪರ್ಸೆಂಟ್. ಹಾಗಾಗಿ ಲೆಕ್ಕ ಒಂದು ನೆಲೆಗೆ ಬಂದ ಮೇಲೂ ಬಹಳ ಹೊತ್ತು ಓಡಿಸಿ ಎಣಿಸುತ್ತಲೇ ಇರಬೇಕು. ಎಲ್ಲ ಚೀಲದಿಂದಲೂ ತೆಗೆಯಬೇಕು.

ಚೌಕ ಎಷ್ಟು ಚಿಕ್ಕದಿರಬೇಕು? ಇದಕ್ಕೆ ಪ್ಲಾಸ್ಮಾವೇ ಒಂದು ಅಳತೆ ಕೊಡುತ್ತದೆ. ಪ್ಲಾಸ್ಮಾದಲ್ಲಿ ಒಂದು ಅಯಾನು ಇಟ್ಟರೆ ಅದರ ಸುತ್ತ ಎಲೆಕ್ಟ್ರಾನ್‌ಗಳು ಮುತ್ತಿಕೊಂಡು ಅದನ್ನು ಮರೆಮಾಡುತ್ತವೆ. ಎಷ್ಟು ದೂರದಲ್ಲಿ ಮರೆಯಾಗುತ್ತದೋ ಅದು ಡೆಬೈ ಉದ್ದ. ನಾನು ಹೇಳಿದ ಪ್ಲಾಸ್ಮಾದಲ್ಲಿ ಅದು ಸುಮಾರು 0.1 ಮಿಲಿಮೀಟರ್, ಒಂದು ಹಾಳೆಯ ದಪ್ಪ. ಚೌಕ ಅದಕ್ಕಿಂತ ದೊಡ್ಡದಿರಬಾರದು. ಹೆಜ್ಜೆಯ ಕಾಲ ಸೆಕೆಂಡಿನ 2,800 ಕೋಟಿಯ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು.

ಈ ನಿಯಮವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಮುರಿದೆ. ಪಿಎಚ್‌ಡಿಯ ಎರಡನೇ ವರ್ಷ. ಲೆಕ್ಕ ಬೇಗ ಮುಗಿಯಲಿ ಅಂತ ಚೌಕವನ್ನು ಡೆಬೈ ಉದ್ದದ ಐದು ಪಟ್ಟು ಮಾಡಿದೆ. ಪ್ಲಾಸ್ಮಾ ಬಿಸಿಯಾಗತೊಡಗಿತು. ನಾನು ಹೊರಗಿನಿಂದ ಕೊಡುವ ವೋಲ್ಟೇಜ್ ಜಾಸ್ತಿ ಮಾಡಿರಲಿಲ್ಲ. ಆದರೂ ವೇಗದ ಎಲೆಕ್ಟ್ರಾನ್‌ಗಳು ಹೆಚ್ಚುತ್ತಾ ಹೋದವು, ಆರ್ಗಾನ್ ಒಡೆಯುವುದು ಹೆಚ್ಚುತ್ತಾ ಹೋಯಿತು. ಯಾರೂ ನೋಡದ ಹೊಸ ಬಗೆಯ ಬಿಸಿ ಸಿಕ್ಕಿತು ಅಂತಲೇ ನಂಬಿದೆ. ಎರಡು ವಾರ ಗ್ರಾಫ್ ಮೇಲೆ ಗ್ರಾಫ್ ಬಿಡಿಸಿದೆ. ನಮ್ಮ ಗೈಡ್ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು: "ಒಟ್ಟು ಎನರ್ಜಿ ಲೆಕ್ಕ ಹಾಕಿದ್ಯಾ?" ಹಾಕಿರಲಿಲ್ಲ. ಆ ರಾತ್ರಿ ಹಾಕಿದೆ. ಒಳಗೆ ಕೊಟ್ಟದ್ದಕ್ಕಿಂತ ಇದ್ದದ್ದು ಜಾಸ್ತಿ. ಎಲ್ಲಿಂದಲೋ ಶಕ್ತಿ ಹುಟ್ಟುತ್ತಿತ್ತು.

ಚೌಕ ದೊಡ್ಡದಾದರೆ ಅದರೊಳಗಿನ ಸಣ್ಣ ಏರಿಳಿತ ಲೆಕ್ಕಕ್ಕೆ ಕಾಣುವುದಿಲ್ಲ. ಕಾಣದ್ದು ಸುಮ್ಮನಿರುವುದೂ ಇಲ್ಲ. ಬೇರೆ ಉದ್ದದ ಸುಳ್ಳು ಅಲೆಯಾಗಿ ಮೇಲೆ ಬರುತ್ತದೆ, ಕಣಗಳನ್ನು ಸುಳ್ಳುಸುಳ್ಳೇ ತಳ್ಳುತ್ತದೆ. ಆ ಸುಳ್ಳು ಬಿಸಿ ಸ್ವಲ್ಪವೇ ಇದ್ದರೂ ತುದಿಯ ಎಲೆಕ್ಟ್ರಾನ್‌ಗಳನ್ನು ಹತ್ತಾರು ಪಟ್ಟು ಮಾಡಿಬಿಡಬಲ್ಲದು. ಚೌಕ ಚಿಕ್ಕದು ಮಾಡಿದೆ. ಹೊಸ ಬಗೆಯ ಬಿಸಿ ಮಾಯವಾಯಿತು. ಅವತ್ತು ತುಂಬಾ ಬೇಜಾರಾಯಿತು. ಅವತ್ತಿನಿಂದ ಯಾರೇ ರಿಸಲ್ಟ್ ತಂದು ತೋರಿಸಿದರೂ ನಾನು ಮೊದಲು ಕೇಳುವುದು ಅದೇ ಪ್ರಶ್ನೆ.

ಈ ಕ್ಷೇತ್ರದವರು ಒಬ್ಬರ ಲೆಕ್ಕವನ್ನು ಒಬ್ಬರು ಪರೀಕ್ಷೆ ಮಾಡುತ್ತಾರೆ ಕೂಡ. ಬೇರೆ ಬೇರೆ ಕಡೆ ಬರೆದ ಐದು ಪ್ರೋಗ್ರಾಮ್‌ಗಳಿಗೆ ಹೀಲಿಯಂ ಪ್ಲಾಸ್ಮಾದ ಅದೇ ನಾಲ್ಕು ಲೆಕ್ಕ ಕೊಟ್ಟು, ಉತ್ತರಗಳನ್ನು ಅಕ್ಕಪಕ್ಕ ಇಟ್ಟು 2013ರಲ್ಲಿ ಪ್ರಕಟಿಸಿದರು. ಹೊಸದಾಗಿ ಪ್ರೋಗ್ರಾಮ್ ಬರೆದವರು ಇವತ್ತಿಗೂ ಮೊದಲು ಆ ನಾಲ್ಕು ಲೆಕ್ಕ ಮಾಡಿ ನೋಡಿಕೊಳ್ಳುತ್ತಾರೆ. ನನಗೆ ಇದು ತುಂಬಾ ದೊಡ್ಡ ಕೆಲಸ ಅನ್ನಿಸುತ್ತದೆ.

ಇಷ್ಟು ಕಷ್ಟಪಟ್ಟರೆ ಸಿಗುವುದೇನು? ಒಂದು ಉದಾಹರಣೆ ಹೇಳುತ್ತೇನೆ. ಇದು ನನಗೆ ಬಹಳ ಇಷ್ಟ.

1990ರಲ್ಲಿ ಗೋಡ್ಯಾಕ್ ಮತ್ತು ಪೀಜಕ್ ಅನ್ನುವ ಇಬ್ಬರು ಕಡಿಮೆ ಒತ್ತಡದ ಆರ್ಗಾನ್ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಅಳೆದರು. ಎರಡು ಲೋಹದ ತಟ್ಟೆಗಳ ನಡುವೆ 13.56 ಮೆಗಾಹರ್ಟ್ಜ್ ವೋಲ್ಟೇಜ್, ಅಂದರೆ ಸೆಕೆಂಡಿಗೆ ಸುಮಾರು 1.36 ಕೋಟಿ ಸಲ ಏರಿಳಿಯುವ ವೋಲ್ಟೇಜ್, ನಡುವೆ ಪ್ಲಾಸ್ಮಾ. ಅಳೆದು ನೋಡಿದರೆ ಅಲ್ಲಿ ಒಂದು ಉಷ್ಣತೆ ಇರಲಿಲ್ಲ. ಎರಡು ಗುಂಪು ಇದ್ದವು. ದೊಡ್ಡ ಗುಂಪು ತೀರಾ ತಣ್ಣಗೆ, ಒಂದು ಎಲೆಕ್ಟ್ರಾನ್ ವೋಲ್ಟಿಗಿಂತಲೂ ಕೆಳಗೆ. ಸಣ್ಣ ಗುಂಪು ಅದಕ್ಕಿಂತ ಹಲವು ಪಟ್ಟು ಬಿಸಿ. ಒಂದೇ ಪಾತ್ರೆ, ಒಂದೇ ಜಾತಿಯ ಕಣ.

ಕಣಗಳ ಸಿಮ್ಯುಲೇಶನ್ ಓಡಿಸಿದಾಗ ಆ ಎರಡು ಗುಂಪುಗಳೂ ಕಂಡವು. ಯಾಕೆ ಹಾಗೆ ಅನ್ನುವುದನ್ನೂ ಅದರಲ್ಲಿ ಹಿಂಬಾಲಿಸಬಹುದಿತ್ತು. ತಟ್ಟೆಯ ಹತ್ತಿರ ಎಲೆಕ್ಟ್ರಾನ್ ಕಡಿಮೆ ಇರುವ ಒಂದು ಪೊರೆ ಇರುತ್ತದೆ. ವೋಲ್ಟೇಜ್ ಏರಿಳಿದಂತೆ ಅದು ಮುಂದೆ ಹಿಂದೆ ಆಡುತ್ತದೆ. ಬಿಸಿ ಎಲೆಕ್ಟ್ರಾನ್ ಅಲ್ಲಿಯವರೆಗೆ ಹೋಗಬಲ್ಲದು. ಮುಂದೆ ಬರುವ ಪೊರೆಗೆ ಬಡಿದು, ಬ್ಯಾಟಿಗೆ ಬಡಿದ ಚೆಂಡಿನ ಹಾಗೆ ಇನ್ನೂ ಜೋರಾಗಿ ವಾಪಸ್ ಬರುತ್ತದೆ. ತಣ್ಣನೆಯ ಎಲೆಕ್ಟ್ರಾನಿಗೆ ಆ ದಿಬ್ಬ ಹತ್ತಲು ಶಕ್ತಿಯಿಲ್ಲ. ಅದು ನಡುವೆಯೇ ಉಳಿಯುತ್ತದೆ. ನಡುವೆ ಬಲವೂ ಕಡಿಮೆ. ಅದರ ಮೇಲೆ ಇನ್ನೊಂದು ವಿಚಿತ್ರ ಇದೆ. 1921ರಲ್ಲಿ ರಾಮ್ಸೌಯರ್ ಕಂಡುಹಿಡಿದದ್ದು: ನಿಧಾನದ ಎಲೆಕ್ಟ್ರಾನಿಗೆ ಆರ್ಗಾನ್ ಪರಮಾಣು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಗಾಜಿನೊಳಗೆ ಬೆಳಕು ಹೋದ ಹಾಗೆ ದಾಟಿಹೋಗುತ್ತದೆ. ಡಿಕ್ಕಿ ಇಲ್ಲದಿದ್ದರೆ ಅಲುಗಾಡುವ ಬಲದಿಂದ ಬಿಸಿಯಾಗಲೂ ಆಗುವುದಿಲ್ಲ. ತಣ್ಣಗಿರುವವು ತಣ್ಣಗೇ ಉಳಿದವು. ಕೆಲಸವೆಲ್ಲ ಆ ಸಣ್ಣ ಗುಂಪಿನ ಮೇಲೆ ಬಿತ್ತು. ಎರಡನ್ನೂ ಸೇರಿಸಿ ಸರಾಸರಿ ತೆಗೆದಿದ್ದರೆ ಆ ಸರಾಸರಿಯ ಉಷ್ಣತೆಯಲ್ಲಿ ಆರ್ಗಾನ್ ಒಡೆಯಬೇಕಾದ ಲೆಕ್ಕವೇ ಕೂಡುತ್ತಿರಲಿಲ್ಲ.

ಇಂಥದೇ ಪ್ಲಾಸ್ಮಾದಲ್ಲಿ ನಿಮ್ಮ ಫೋನಿನ ಚಿಪ್ ಕೊರೆಯುತ್ತಾರೆ. ಅಲ್ಲಿ ಸಿಲಿಕಾನಿಗೆ ಫ್ಲೋರಿನ್ ಅಂಟುತ್ತದೆ, ಮೇಲಿಂದ ಅಯಾನುಗಳು ನೆಟ್ಟಗೆ ಬಡಿಯುತ್ತವೆ. 1979ರಲ್ಲಿ ಕೋಬರ್ನ್ ಮತ್ತು ವಿಂಟರ್ಸ್ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರು. ಬರೀ ಫ್ಲೋರಿನ್ ಇರುವ ಅನಿಲ ಬಿಟ್ಟರೆ ಸಿಲಿಕಾನ್ ಸವೆಯುವುದು ತುಂಬಾ ನಿಧಾನ. ಬರೀ ಆರ್ಗಾನ್ ಅಯಾನು ಬಡಿದರೂ ನಿಧಾನ. ಎರಡೂ ಒಟ್ಟಿಗೆ ಆದರೆ ಹತ್ತು ಪಟ್ಟಿನಷ್ಟು ಜೋರು. ಅಯಾನು ಯಾವ ಕೋನದಲ್ಲಿ, ಎಷ್ಟು ಶಕ್ತಿಯಿಂದ ಬಂದು ಬಡಿಯುತ್ತದೆ ಅನ್ನುವುದು ಕಣಗಳ ಸಿಮ್ಯುಲೇಶನ್‌ನಿಂದ ನೇರವಾಗಿ ಸಿಗುತ್ತದೆ.

ಒಂದು ಮಿತಿಯನ್ನು ಹೇಳಲೇಬೇಕು. ಎಲೆಕ್ಟ್ರಾನ್‌ಗಳ ಲೋಕ ತುಂಬಾ ವೇಗ. ಸಾವಿರ ಸಲ ವೋಲ್ಟೇಜ್ ಏರಿಳಿಯುವಷ್ಟು ಹೊತ್ತು ಓಡಿಸಲು 20 ಲಕ್ಷ ಹೆಜ್ಜೆ ಬೇಕು. ಆದರೆ ನಿಜವಾಗಿ ಕಳೆದದ್ದು ಸೆಕೆಂಡಿನ ಹದಿಮೂರು ಸಾವಿರದ ಒಂದು ಭಾಗ. ಅಣುಗಳು ಹರಡಿ, ಬೆರೆತು, ಹೊಸ ಅಣುಗಳಾಗಲು ಮಿಲಿಸೆಕೆಂಡುಗಳು, ಕೆಲವು ಸಲ ಪೂರ್ತಿ ಸೆಕೆಂಡುಗಳು ಬೇಕು. ಅಷ್ಟು ಹೊತ್ತು ಕಣಗಳನ್ನು ಓಡಿಸಲು ಆಗುವುದಿಲ್ಲ. ಆಗ ಕೆಲಸ ಹಂಚುತ್ತೇವೆ. ತುದಿಯ ಎಲೆಕ್ಟ್ರಾನ್ ಎಷ್ಟಿವೆ ಅಂತ ಕಣಗಳಿಂದ ತಿಳಿದು, ಅದರಿಂದ ಬಂದ ಕ್ರಿಯೆಯ ವೇಗವನ್ನು ಸಾಮಾನ್ಯ ರಸಾಯನದ ಸಮೀಕರಣಗಳಿಗೆ ಕೊಡುತ್ತೇವೆ. ಸಮೀಕರಣಗಳು ಅನಿಲವನ್ನು ಬದಲಾಯಿಸುತ್ತವೆ, ಬದಲಾದ ಅನಿಲದಲ್ಲಿ ಮತ್ತೆ ಕಣಗಳು. ಒಂದೊಂದು ಅಣುವನ್ನೂ ಎಣಿಸಬೇಕಾದಷ್ಟು ಚಿಕ್ಕ ವ್ಯವಸ್ಥೆಗಳಿಗೆ 1977ರಲ್ಲಿ ಗಿಲೆಸ್ಪಿ ಕೊಟ್ಟ ದಾಳದ ವಿಧಾನ ಬೇರೆಯೇ ಇದೆ. ಅದು ಇನ್ನೊಂದು ದಿನದ ಮಾತು.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.

ಮೊದಲು ಎದ್ದವರು ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಬೆಳೆಗಾರರು. "ನೋಡಮ್ಮ, ಏಪ್ರಿಲ್ ಮೇಯಲ್ಲಿ ಗುಡುಗು ಸಿಡಿಲು ಜೋರಿದ್ದ ವರ್ಷ ಗಿಡ ಹಸಿರಾಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಸಿಡಿಲು ಗೊಬ್ಬರ ಹಾಕುತ್ತದೆ ಅಂತ. ನಿಜವಾ?"

ನಿಜ. ಎಷ್ಟು ಅನ್ನುವುದು ಪ್ರಶ್ನೆ. ಸಿಡಿಲಿನ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿಗೆ ಕಾಯುತ್ತದೆ. ಸಾರಜನಕದ ಅಣು ಒಡೆಯುವುದು ಸುಲಭವಲ್ಲ, 9.8 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಷ್ಟು ಬಿಸಿಯಲ್ಲಿ ಒಡೆಯುತ್ತದೆ. ಒಡೆದ ಚೂರುಗಳು ಆಮ್ಲಜನಕದ ಜೊತೆ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತವೆ. ನಿಧಾನವಾಗಿ ತಣ್ಣಗಾಗಿದ್ದರೆ ಅದು ಮತ್ತೆ ಸಾರಜನಕ, ಆಮ್ಲಜನಕವಾಗಿ ಬೇರೆಯಾಗುತ್ತಿತ್ತು. ಸಿಡಿಲಿನ ದಾರಿ ಮಿಲಿಸೆಕೆಂಡುಗಳಲ್ಲಿ ತಣಿಯುತ್ತದೆ. ವಾಪಸ್ ಹೋಗಲು ಸಮಯ ಸಿಗುವುದಿಲ್ಲ. ಹಾಗೇ ಉಳಿದದ್ದು ಮಳೆಯಲ್ಲಿ ಕರಗಿ ನೈಟ್ರೇಟ್ ಆಗಿ ಮಣ್ಣಿಗೆ ಬರುತ್ತದೆ. ನಾರ್ವೆಯಲ್ಲಿ 1905ರಿಂದ ಕೆಲವು ದಶಕ ವಿದ್ಯುತ್ ಕಿಡಿಯಿಂದಲೇ ಗೊಬ್ಬರ ಮಾಡಿದ್ದರು. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ಹೇಬರ್ ವಿಧಾನ ಬಂದ ಮೇಲೆ ಅದು ಕ್ರಮೇಣ ನಿಂತಿತು.

ಇಡೀ ಭೂಮಿಯಲ್ಲಿ ಸಿಡಿಲು ವರ್ಷಕ್ಕೆ 20ರಿಂದ 80 ಲಕ್ಷ ಟನ್ ಸಾರಜನಕವನ್ನು ಹೀಗೆ ಹಿಡಿದಿಡುತ್ತದೆ ಅಂತ ಅಂದಾಜು. ಭೂಮಿಗೆಲ್ಲ ಸಮನಾಗಿ ಹಂಚಿದರೆ ಎಕರೆಗೆ ಸುಮಾರು 40 ಗ್ರಾಂ. ಯೂರಿಯಾ ಲೆಕ್ಕದಲ್ಲಿ ಒಂದು ಹಿಡಿ. ಕೊಡಗಿನಲ್ಲಿ ಸಿಡಿಲು ಜಾಸ್ತಿ, ಹಾಗಾಗಿ ಇದು ಸರಾಸರಿ ಅನ್ನುವುದನ್ನು ಮರೆಯಬಾರದು. ಕೆಲವು ಪಟ್ಟು ಏರಿಸಿದರೂ ಗೊಬ್ಬರದ ಚೀಲದ ಜಾಗಕ್ಕೆ ಅದು ಬರುವುದಿಲ್ಲ. ಗಿಡ ಹಸಿರಾಗುವುದು ಬಹುಪಾಲು ಆ ಮಳೆಯ ನೀರಿನಿಂದಲೇ ಅಂತ ನನಗೆ ಅನ್ನಿಸುತ್ತದೆ.

ಒಂದು ಮಾತು ಸೇರಿಸಿದೆ. ಸಿಡಿಲಿನ ಬಿಸಿ ದಾರಿಯೊಳಗೆ ಗಾಳಿ ದಟ್ಟ, ಡಿಕ್ಕಿ ಲೆಕ್ಕವಿಲ್ಲದಷ್ಟು, ಎಲ್ಲವೂ ಹೆಚ್ಚುಕಡಿಮೆ ಒಂದೇ ಉಷ್ಣತೆ. ಅಲ್ಲಿ ಸಹಾ ಅವರ ಸಮೀಕರಣ ಸರಿಯಾಗಿ ನಡೆಯುತ್ತದೆ, ಕಣಗಳ ಹಿಂದೆ ಹೋಗಬೇಕಿಲ್ಲ. ಆದರೆ ಆ ದಾರಿ ಹುಟ್ಟುವ ಮೊದಲು, ಮುಂದೆ ಮುಂದೆ ಹರಿಯುವ ಸಣ್ಣ ಬೇರುಗಳ ತುದಿಯಲ್ಲಿ, ಮತ್ತೆ ಅದೇ ಕೆಲವು ವೇಗದ ಎಲೆಕ್ಟ್ರಾನ್‌ಗಳು. ಗುಡುಗುಮೋಡಗಳಿಂದ ಗಾಮಾ ಕಿರಣ ಬರುತ್ತದೆ ಅಂತ 1994ರಲ್ಲಿ ಉಪಗ್ರಹದ ಮಾಹಿತಿಯಿಂದ ಗೊತ್ತಾಯಿತು. ಅದನ್ನು ಅರ್ಥ ಮಾಡಿಕೊಳ್ಳಲು ಕಣಗಳ ಸಿಮ್ಯುಲೇಶನ್ ಬೇಕೇ ಬೇಕು.

ಇನ್ನೊಂದು ಪ್ರಶ್ನೆ ಬಿಎಸ್‌ಸಿ ಓದುವ ಹುಡುಗಿಯದು. "ಮೇಡಂ, ಇದನ್ನೆಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಬಹುದಾ? ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ನೆಟ್ ಇರಲ್ಲ."

ಮಾಡಬಹುದು. ನೆಟ್ ಬೇಡ. ದೊಡ್ಡ ಕಂಪ್ಯೂಟರ್ ಬೇಕಾಗುವುದು ದೊಡ್ಡ ಸಮಸ್ಯೆಗೆ. ಒಂದೇ ದಿಕ್ಕಿನಲ್ಲಿ ಓಡುವ ಕಣಗಳ ಪ್ರೋಗ್ರಾಮ್ ಪೈಥಾನ್‌ನಲ್ಲಿ 200 ಸಾಲು ಕೂಡ ಆಗುವುದಿಲ್ಲ. ಡಿಕ್ಕಿ ಬೇಡ, ರಸಾಯನ ಬೇಡ. 20,000 ಎಲೆಕ್ಟ್ರಾನ್ ಕಣ ಇಟ್ಟುಕೋ. ಅರ್ಧಕ್ಕೆ ಬಲಕ್ಕೆ ಓಡುವ ವೇಗ ಕೊಡು, ಅರ್ಧಕ್ಕೆ ಎಡಕ್ಕೆ. ಅಯಾನುಗಳು ಅಲುಗದೆ ಹಿಂದೆ ಇರಲಿ. ಅಡ್ಡಕ್ಕೆ ಸ್ಥಾನ, ಉದ್ದಕ್ಕೆ ವೇಗ ಇಟ್ಟು ಚಿತ್ರ ಬಿಡಿಸು. ಮೊದಲು ಎರಡು ನೇರ ಗೆರೆ ಕಾಣುತ್ತವೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಗೆರೆಗಳು ಅಲೆಅಲೆಯಾಗುತ್ತವೆ, ಒಂದರ ಸುತ್ತ ಒಂದು ಸುತ್ತಿಕೊಳ್ಳುತ್ತವೆ, ನಡುವೆ ಕಣ್ಣಿನ ಆಕಾರದ ಖಾಲಿ ಜಾಗ ಬಿಡುತ್ತವೆ. ಯಾರೂ ಹೇಳಿಕೊಡದೆ ಆ ಕಣಗಳೇ ಅದನ್ನು ಮಾಡುತ್ತವೆ.

"ಮೊದಲು ಯಾವ ಸಾಲು ಬರೀಬೇಕು ಮೇಡಂ?" ಅಂತ ಕೇಳಿದಳು.

ಪ್ರತಿ ಹೆಜ್ಜೆಗೂ ಒಟ್ಟು ಎನರ್ಜಿ ಎಷ್ಟು ಅಂತ ಬರೆದಿಡುವ ಸಾಲು ಅಂದೆ. ಅವಳು ನೋಟ್ ಬುಕ್ ತೆಗೆದು ಅಲ್ಲೇ ಬರೆದುಕೊಂಡಳು.